ಮನೆಗೆ ಸೊನ್ನೆ ಬಿಲ್ಲು ಸರಿ, ಹೊಲಕ್ಕೆ ಎಷ್ಟು ತಾಸು ಕರೆಂಟು?

ಬಾದನಹಟ್ಟಿಯಿಂದ ಬರೀತಿದೀನಿ. ಸ್ವಲ್ಪ ಉದ್ದ ಐತೆ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಡ್ಯಾಮಿನ 33 ಗೇಟು ಬದಲಿಸೋ ಕೆಲಸ ಇರೋದ್ರಿಂದ ಈ ಸಲ ಎರಡನೇ ಬೆಳೆಗೆ ತುಂಗಭದ್ರಾ ಕಾಲುವೆ ನೀರಿಲ್ಲ ಅಂತ ತೀರ್ಮಾನ ಆಗಿರೋದು ನಿಮಗೆಲ್ಲ ಗೊತ್ತೇ ಐತೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಕೊಂಡು ಹೋದದ್ದನ್ನ ನೋಡಿದವರು ಗೇಟು ಬದಲಿಸೋದು ಬೇಡ ಅನ್ನೋಕೆ ಆಗಲ್ಲ. ಆದರೆ ಕಾಲುವೆ ಒಣಗಿದ ವರ್ಷ ನಾವು ನಂಬೋದು ಬೋರನ್ನ, ಬೋರು ನಂಬೋದು ಕರೆಂಟನ್ನ. ಹಂಗಾಗಿ ಈ ವರ್ಷ ಕರೆಂಟಿನ ಮಾತು ಕಟ್ಟೆ ಮೇಲಿನ ಹರಟೆ ಅಲ್ಲ, ಬೆಳೆ ಉಳಿಯೋ ಮಾತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಫ್ರೀ ಕರೆಂಟು ಕೊಡೋದು ತಪ್ಪಲ್ಲ. ಆದರೆ "ಫ್ರೀ" ಅನ್ನೋ ಒಂದೇ ಮಾತಿಗೆ ನಾವು ಸುಮ್ಮನಾಗಿಬಿಟ್ಟಿದೀವಿ. ಎಷ್ಟು ತಾಸು, ಯಾವ ಹೊತ್ತಿನಲ್ಲಿ, ಎಷ್ಟು ವೋಲ್ಟೇಜ್ ಅಂತ ಕೇಳೋದು ಬಿಟ್ಟಿದೀವಿ. ಫ್ರೀ ಕೊಟ್ಟವರು ಅಷ್ಟಕ್ಕೇ ಋಣ ತೀರಿತು ಅಂದ್ಕೋತಾರೆ. ನಾವೂ ಕೇಳೋಕೆ ಹಕ್ಕಿಲ್ಲ ಅಂದ್ಕೋತೀವಿ. ಈ ಎರಡೂ ಸರಿಯಲ್ಲ.

ಮೊದಲು ಮನೆ ಬಿಲ್ಲಿನ ಲೆಕ್ಕ ನೋಡೋಣ.

ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಶುರುವಾತು, ಆಗಸ್ಟ್‌ನಲ್ಲಿ ಸೊನ್ನೆ ಬಿಲ್ಲು ಕೈಗೆ ಬಂತು. ಎಲ್ಲರೂ 200 ಯೂನಿಟ್ ಫ್ರೀ ಅಂತಾರೆ, ಅದು ಪೂರ್ತಿ ಸರಿಯಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ ನೂರಕ್ಕೆ 10 ಸೇರಿಸಿದ್ರೆ ಎಷ್ಟೋ ಅಷ್ಟೇ ನಿಮ್ಮ ಪಾಲು. 48 ಯೂನಿಟ್‌ಗಿಂತ ಕಮ್ಮಿ ಸುಡೋ ಬಡವರಿಗೆ ಶೇಕಡಾ ಲೆಕ್ಕ ಸಾಲಲ್ಲ ಅಂತ 2024ರ ಜನವರಿಯಲ್ಲಿ 10 ಯೂನಿಟ್ ಹೆಚ್ಚುವರಿ ಅಂತ ಬದಲಿಸಿದ್ರು. ಹಳೇ ಲೆಕ್ಕ ಇಲ್ಲದ ಹೊಸ ಮನೆಗಳಿಗೆ 58 ಯೂನಿಟ್.

ಒಂದು ಮನೆ ಸರಾಸರಿ 60 ಇದ್ರೆ ಅದರ ಪಾಲು 66 ಯೂನಿಟ್. ಆಮೇಲೆ ಮಗಳು ಬಾಣಂತನಕ್ಕೆ ಬಂದ್ಲು, ನಮ್ಮ ಬಳ್ಳಾರಿ ಏಪ್ರಿಲ್ ಬಿಸಿಲಿಗೆ ಒಂದು ಕೂಲರ್ ತಂದ್ರು ಅನ್ನಿ, 110 ಆತು. ಮೇಲಿನ 44 ಯೂನಿಟ್‌ಗೆ 2025-26ರ ರೇಟಾದ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಲೆಕ್ಕದಲ್ಲಿ ಸುಮಾರು 255 ರೂಪಾಯಿ, ಅದರ ಮೇಲೆ ಟ್ಯಾಕ್ಸು. ಇದು ಪರವಾಗಿಲ್ಲ. ಆದರೆ 200 ದಾಟಿ 201 ಆದ್ರೆ ಪೂರ್ತಿ ಬಿಲ್ಲು ನಿಮ್ಮದೇ. 2025-26ರ ರೇಟಿನಲ್ಲಿ 201 ಯೂನಿಟ್‌ಗೆ 1,166, ಒಂದು ಕಿಲೋವ್ಯಾಟ್ ಲೋಡಿನ ಫಿಕ್ಸೆಡ್ ಚಾರ್ಜ್ 145, ಪಿಂಚಣಿ ಸರ್ಚಾರ್ಜ್ 72, ಎಲ್ಲ ಸೇರಿ 1,383 ರೂಪಾಯಿ, ಟ್ಯಾಕ್ಸು ಬೇರೆ. ಕೂಡು ಕುಟುಂಬ ಇರೋರು, ಒಂದೇ ಮೀಟರಿನಲ್ಲಿ ಅಣ್ಣ ತಮ್ಮ ಎರಡು ಒಲೆ ಹೂಡಿದೋರು, ಬೇಸಿಗೆಯಲ್ಲಿ ತಿಂಗಳ ಮಧ್ಯದಲ್ಲಿ ಒಂದು ಸಲ ಮೀಟರ್ ನೋಡ್ಕೊಳ್ರಿ. ಬಿಲ್ಲು ಬಂದ ಮೇಲೆ ಮೀಟರ್ ರೀಡರ್ ಹುಡುಗನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಸೊನ್ನೆ ಬಿಲ್ಲು ಅಂದ್ರೆ ಕರೆಂಟಿಗೆ ರೇಟಿಲ್ಲ ಅಂತ ಅಲ್ಲ, ರೇಟು ನಮ್ಮ ಕಣ್ಣಿಗೆ ಬೀಳಲ್ಲ ಅಂತ. ಆ ರೇಟು ಏನಾಗಿದೆ ನೋಡ್ರಿ. 2023ರಲ್ಲಿ 100 ಯೂನಿಟ್ ಒಳಗೆ ಸುಡೋ ಮನೆಗೆ ಯೂನಿಟ್‌ಗೆ 4 ರೂಪಾಯಿ 75 ಪೈಸೆ, 100 ದಾಟಿದ್ರೆ 7 ರೂಪಾಯಿ ಇತ್ತು. 2024ರಲ್ಲಿ ಎರಡನ್ನೂ ಸೇರಿಸಿ ಎಲ್ಲರಿಗೂ 5.90 ಮಾಡಿದ್ರು. 2025ರ ಏಪ್ರಿಲ್‌ನಿಂದ ಅದನ್ನ 5.80ಕ್ಕೆ ಇಳಿಸಿ, ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟಿಗೆ 120ರಿಂದ 145 ಮಾಡಿದ್ರು. ಅದೇ ತಿಂಗಳಿಂದ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿತು.

ಈಗ 80 ಯೂನಿಟ್ ಸುಡೋ ಸಣ್ಣ ಮನೆ ತಗೊಳ್ರಿ. 2023ರ ರೇಟಿನಲ್ಲಿ 380 ಮತ್ತು ಫಿಕ್ಸೆಡ್ 110, ಒಟ್ಟು 490. 2025ರ ರೇಟಿನಲ್ಲಿ 464, ಫಿಕ್ಸೆಡ್ 145, ಪಿಂಚಣಿ 29, ಒಟ್ಟು 638. ಅಂದ್ರೆ ಬಡವರ ಮನೆಯ ಬಿಲ್ಲು ತಿಂಗಳಿಗೆ ಸುಮಾರು 150 ರೂಪಾಯಿ ಏರಿದೆ. 100ರ ಮೇಲೆ ಸುಡೋ ದೊಡ್ಡ ಮನೆಗೆ ಯೂನಿಟ್ 7 ರೂಪಾಯಿ ಇದ್ದದ್ದು ಇಳಿದಿದೆ. ಸಣ್ಣ ಮನೆಯ ಏರಿಕೆ ಯಾರಿಗೂ ಉರಿಯಲಿಲ್ಲ, ಯಾಕಂದ್ರೆ ಸರ್ಕಾರ ಕಟ್ಟುತ್ತೆ. ನಾಳೆ ಯಾವುದೋ ಸರ್ಕಾರ ಬಂದು ಗೃಹಜ್ಯೋತಿ ನಿಲ್ಲಿಸಿದ್ರೆ ನಮ್ಮ ಹಳೇ 4.75 ವಾಪಸ್ ಬರಲ್ಲ. ಬಿಲ್ಲು ಸೊನ್ನೆ ಇದ್ದಾಗಲೇ ರೇಟಿನ ಮೇಲೆ ಕಣ್ಣಿಡಬೇಕು ಅಂತ ನಾನು ಹೇಳೋದು ಇದಕ್ಕೇ.

ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ನಾವು ಮೆಣಸಿನಕಾಯಿ ಇಡೋ ಕೋಲ್ಡ್ ಸ್ಟೋರೇಜ್, ಇವರಿಗೆ ಸೊನ್ನೆ ಬಿಲ್ಲಿಲ್ಲ. ಅವರು ಕಟ್ಟಿದ್ದನ್ನ ಚೀಲದ ಬಾಡಿಗೆಯಲ್ಲಿ, ಬೀಸೋ ಕೂಲಿಯಲ್ಲಿ ನಮ್ಮ ಹತ್ರಾನೇ ವಸೂಲಿ ಮಾಡ್ತಾರೆ.

ಈಗ ಹೊಲಕ್ಕೆ ಬರೋಣ.

10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಫ್ರೀ ಅನ್ನೋದು ಹೊಸದಲ್ಲ. ಬಂಗಾರಪ್ಪನವರು ಮುಖ್ಯಮಂತ್ರಿ ಇದ್ದಾಗ ಕೊಟ್ಟಿದ್ರು. ನಡುವೆ ಎಚ್‌ಪಿಗೆ ಇಷ್ಟು ಅಂತ ಬಿಲ್ಲು ಬಂತು, ರೈತ ಸಂಘದವರು ಕಟ್ಟಲ್ಲ ಅಂತ ಹೋರಾಟ ಮಾಡಿದ್ರು. 2008ರಲ್ಲಿ ಯಡಿಯೂರಪ್ಪನವರ ಸರ್ಕಾರ ಮತ್ತೆ ಫ್ರೀ ಮಾಡಿತು. ಆಮೇಲೆ ಯಾವ ಪಕ್ಷ ಬಂದರೂ ಮುಟ್ಟಿಲ್ಲ. ಈಗ ರಾಜ್ಯದಲ್ಲಿ ಸುಮಾರು 34 ಲಕ್ಷ ಪಂಪ್‌ಸೆಟ್ ಇವೆ. ಸರ್ಕಾರ ಇದಕ್ಕೆ ವರ್ಷಕ್ಕೆ ಸುಮಾರು 16 ಸಾವಿರ ಕೋಟಿ, ಗೃಹಜ್ಯೋತಿಗೆ ಸುಮಾರು 10 ಸಾವಿರ ಕೋಟಿ ಇಡ್ತಿದೆ.

ಇಷ್ಟು ದುಡ್ಡು ನಮ್ಮ ಹೆಸರಲ್ಲಿ ಹೋಗ್ತದೆ. ನಮಗೆ ಸಿಗೋದೇನು? ಸರ್ಕಾರದ ಮಾತು 7 ತಾಸು ತ್ರೀ ಫೇಸ್.

7 ತಾಸಿನ ನೀರೆಷ್ಟು ಅಂತ ಲೆಕ್ಕ ಹಾಕಿದೀರಾ? ಸೆಕೆಂಡಿಗೆ 3 ಲೀಟರ್ ಎಸೆಯೋ ಬೋರು ಅನ್ನಿ. ತಾಸಿಗೆ 10,800 ಲೀಟರ್, 7 ತಾಸಿಗೆ 75,600 ಲೀಟರ್. ಒಂದು ಎಕರೆಗೆ ಒಂದಿಂಚು ನೀರು ನಿಲ್ಲಿಸೋಕೆ ಒಂದು ಲಕ್ಷ ಲೀಟರ್ ಮೇಲೆ ಬೇಕು. ಅಂದ್ರೆ ಪೂರ್ತಿ 7 ತಾಸು ಕೊಟ್ಟರೂ ಎಕರೆಗೆ ಒಂದಿಂಚಿಲ್ಲ. ಎರಡು ತಾಸು ಕಮ್ಮಿ ಮಾಡಿದ್ರೆ 21,600 ಲೀಟರ್ ಹೋತು. ಬೆಂಗಳೂರಿನಲ್ಲಿ ಕೂತವರಿಗೆ ಎರಡು ತಾಸು ಅಂದ್ರೆ ಎರಡು ತಾಸು. ನಮಗೆ ಅದು ಕಾಯಿ ಕಟ್ಟೋ ಹೊತ್ತಿನ ಮೆಣಸಿನ ಗಿಡಕ್ಕೆ ಒಂದು ದಿನದ ನೀರು. ಕಾಲುವೆ ನೀರಿಲ್ಲದ ಈ ಬೇಸಿಗೆಯಲ್ಲಿ ಬೋರು ನಂಬಿ ನೆಲ್ಲು ಹಚ್ಚೋರು ಈ ಲೆಕ್ಕ ಒಂದ್ಸಲ ನೋಡಿ ಆಮೇಲೆ ಮಡಿಗೆ ಕೈ ಹಾಕ್ರಿ.

2023 ನೆನಪು ಮಾಡ್ಕೊಳ್ರಿ. ಮಳೆ ಕೈಕೊಟ್ಟಿತು. ಲಿಂಗನಮಕ್ಕಿ ತುಂಬಲಿಲ್ಲ, ಶರಾವತಿ ಕರೆಂಟು ಕಮ್ಮಿ. ಮಳೆ ಇಲ್ಲ ಅಂತ ರಾಜ್ಯದ ರೈತರೆಲ್ಲ ಮಳೆಗಾಲದಲ್ಲೇ ಮೋಟರ್ ಹಾಕಿದ್ರು. ಒಂದು ಕಡೆ ಉತ್ಪಾದನೆ ಇಳೀತು, ಇನ್ನೊಂದು ಕಡೆ ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ನಮ್ಮ 7 ತಾಸು 5 ತಾಸಾತು. ರಾಜ್ಯದ ಖಾಸಗಿ ಉತ್ಪಾದಕರು ಹೊರಗೆ ಮಾರಬಾರದು, ಇಲ್ಲೇ ಕೊಡಬೇಕು ಅಂತ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ತರಬೇಕಾತು. ರೈತರು ರಸ್ತೆಗಿಳಿದ ಮೇಲೆ ನವೆಂಬರ್‌ನಲ್ಲಿ ಮತ್ತೆ 7 ತಾಸು ಅಂದ್ರು. ಅಷ್ಟೊತ್ತಿಗೆ ಎಷ್ಟೋ ಹೊಲ ಒಣಗಿದ್ವು.

ಆ ವರ್ಷ ಮನೆಯ ಸೊನ್ನೆ ಬಿಲ್ಲಿಗೆ ಏನೂ ಆಗಲಿಲ್ಲ, ಗಮನಿಸಿದ್ರಾ? ಕೊರತೆ ಬಂದಾಗ ಮೊದಲು ಕತ್ತರಿ ಬೀಳೋದು ಪಂಪ್‌ಸೆಟ್ ಲೈನಿಗೆ. ಯಾಕಂದ್ರೆ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಹೊಲದ ಲೈನು ಬೇರೆ ಬೇರೆ ಮಾಡಿದಾರೆ. ಊರಿಗೆ ಅದರಿಂದ ಒಳ್ಳೇದಾತು, ಹುಡುಗರು ರಾತ್ರಿ ಓದ್ತಾರೆ, ಟಿವಿ ನಡೀತದೆ. ಆದರೆ ಹೊಲದ ಲೈನು ಮಾತ್ರ ಆಫ್ ಮಾಡೋದು ಈಗ ಒಂದು ಸ್ವಿಚ್ಚಿನ ಕೆಲಸ. ಹೊಲದಲ್ಲೇ ಮನೆ ಮಾಡಿದವರ ಪಾಡು ಇನ್ನೂ ಕಷ್ಟ, ಅವರ ದೀಪವೂ ಅದೇ ಲೈನಿನಲ್ಲಿ.

"ನಮ್ಮ ಜಿಲ್ಲೆಯಲ್ಲೇ ಕರೆಂಟು ತಯಾರಾಗ್ತದೆ, ನಮಗೇ ಯಾಕಿಲ್ಲ?" ಅಂತ ಭಾಳ ಜನ ಕೇಳ್ತಾರೆ. ಕುಡತಿನಿಯ ಬಳ್ಳಾರಿ ಉಷ್ಣ ವಿದ್ಯುತ್ ಕೇಂದ್ರದಲ್ಲಿ 500, 500, 700 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 1,700. ಹೊಗೆ ನಮಗೆ, ಬೂದಿ ನಮಗೆ. ಆದರೆ ಕರೆಂಟು ಹೋಗೋದು ಇಡೀ ರಾಜ್ಯದ ಗ್ರಿಡ್ಡಿಗೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿತ್ತು. ಅದರ ಮುಂದೆ 1,700 ಎಷ್ಟರದು? ಚಿಮಣಿ ಹತ್ರ ಇದೀವಿ ಅಂತ ನಮ್ಮ ವೋಲ್ಟೇಜ್ ಏರಲ್ಲ. ನಮ್ಮ ವೋಲ್ಟೇಜ್ ನಿಂತಿರೋದು ನಮ್ಮ ಸಬ್‌ಸ್ಟೇಷನ್, ನಮ್ಮ ಫೀಡರ್, ನಮ್ಮ ಟಿಸಿ ಮೇಲೆ.

ಟಿಸಿ ಬಗ್ಗೆ ಎರಡು ಮಾತು, ಇದು ನಮ್ಮ ಕೈಯಲ್ಲೇ ಇರೋದು. 5 ಎಚ್‌ಪಿ ಮೋಟರ್ ಒಂದು ಸುಮಾರು ಐದೂವರೆ ಕೆವಿಎ ಎಳೀತದೆ. 63 ಕೆವಿಎ ಟಿಸಿ ಇಂಥ 11 ಮೋಟರ್ ತಡೀತದೆ. ಪಟ್ಟಿಯಲ್ಲಿ 11 ಇದ್ದು ಹೊಲದಲ್ಲಿ 16 ಇದ್ರೆ, 5 ಅಂತ ಬರೆಸಿ ಏಳೂವರೆ ಇಳಿಸಿದ್ರೆ, ಅದು ಸುಡದೆ ಏನಾಗ್ತದೆ? ಎರಡನೇದು, ಆಟೋ ಸ್ಟಾರ್ಟರ್. ಮೋಟರ್ ಎದ್ದೇಳೋ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೀತದೆ. ತ್ರೀ ಫೇಸ್ ಬಂದ ತಕ್ಷಣ ಹದಿನೈದು ಮೋಟರ್ ಒಟ್ಟಿಗೇ ಎದ್ರೆ ಫ್ಯೂಜು ಹಾರ್ತದೆ, ಇಲ್ಲಾ ಟಿಸಿ ಎಣ್ಣೆ ಕುದೀತದೆ. ತೆಲಂಗಾಣದಲ್ಲಿ 2018ರ ಜನವರಿಯಿಂದ ರೈತರಿಗೆ 24 ತಾಸು ಕೊಡುವಾಗ ಮೊದಲು ಆಟೋ ಸ್ಟಾರ್ಟರ್ ತೆಗೀರಿ ಅಂತಾನೇ ಹೇಳಿದ್ರು. ಮೂರನೇದು, ತ್ರೀ ಫೇಸ್ ಇಲ್ಲದಾಗ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಮೋಟರ್ ಓಡಿಸೋದು. ಒಬ್ಬರು ಹಂಗೆ ಓಡಿಸಿದ್ರೆ ಅದೇ ಲೈನಿನ ಎಲ್ಲರ ಮನೆ ದೀಪ ಮಂಕಾಗ್ತದೆ, ಟಿಸಿ ಒಂದೇ ಕಡೆ ಭಾರ ಹೊತ್ತು ಸಾಯ್ತದೆ.

ಇದನ್ನ ಹೇಳಿದ್ರೆ "ಕರೆಂಟು ಸರಿಯಾಗಿ ಕೊಟ್ರೆ ನಾವ್ಯಾಕೆ ಹಿಂಗ್ ಮಾಡ್ತೀವಿ" ಅಂತೀರಿ. ಅದೂ ಖರೇನೇ. ಬರೋ ಹೊತ್ತು ಗೊತ್ತಿದ್ರೆ ಯಾರೂ ಆಟೋ ಸ್ಟಾರ್ಟರ್ ಹಾಕಲ್ಲ. ರಾತ್ರಿ ಒಂದೂವರೆಗೆ ಬರ್ತದೋ ನಾಕಕ್ಕೆ ಬರ್ತದೋ ಗೊತ್ತಿಲ್ಲದೆ, ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗೋಕೆ ಯಾರಿಗೆ ಆಸೆ? ಹಂಗಾಗಿ ಇದರ ಮೂಲ ಇರೋದು ಹೊತ್ತಿನಲ್ಲಿ. ಹಗಲು 7 ತಾಸು, ಹೇಳಿದ ಹೊತ್ತಿಗೆ ಕೊಟ್ಟರೆ ಅರ್ಧ ಟಿಸಿ ಸುಡೋದು ತಾನಾಗೇ ನಿಲ್ತದೆ.

ಹಗಲು ಕೊಡೋಕೆ ಕರೆಂಟು ಐತಾ? ಐತೆ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಐತೆ. ಅಲ್ಲಿ ರೈತರಿಂದ ಜಮೀನು ಖರೀದಿ ಮಾಡಲಿಲ್ಲ, ಎಕರೆಗೆ ವರ್ಷಕ್ಕೆ 21,000 ಅಂತ ಶುರುಮಾಡಿ ಲೀಸಿಗೆ ತಗೊಂಡ್ರು. ರಾಜ್ಯದ ಬೇರೆ ಕಡೆಯೂ ಸೋಲಾರ್ ಭಾಳ ಬಂದಿದೆ. ಬಿಸಿಲಿರೋ ಹೊತ್ತಿನಲ್ಲಿ ಅಗ್ಗದ ಕರೆಂಟು, ಕತ್ತಲಾದ ಮೇಲೆ ದುಬಾರಿ ಕರೆಂಟು, ಇದು ಈಗಿನ ಲೆಕ್ಕ. ಹಂಗಾಗಿ ಪಂಪ್‌ಸೆಟ್ ಹಗಲು ಓಡಿದ್ರೆ ಸರ್ಕಾರಕ್ಕೂ ಲಾಭ. ಕುಸುಮ್-ಸಿ ಅನ್ನೋ ಯೋಜನೆ ಇದೇ ಉದ್ದೇಶದ್ದು. ಸಬ್‌ಸ್ಟೇಷನ್ ಹತ್ರಾನೇ ಸೋಲಾರ್ ಹಾಕಿ ಆ ಫೀಡರಿನ ಪಂಪ್‌ಸೆಟ್ಟಿಗೆ ಹಗಲು 7 ತಾಸು ಕೊಡೋದು. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಮುಖ್ಯಮಂತ್ರಿ ಉದ್ಘಾಟನೆ ಮಾಡಿದ್ರು. ಖಾಸಗಿ ಜಮೀನು ಕೊಟ್ರೆ ಎಕರೆಗೆ ವರ್ಷಕ್ಕೆ 25,000 ಬಾಡಿಗೆ. ನಮ್ಮ ಕಡೆ ನೀರಾವರಿ ಭೂಮಿ ಕೊಡಿ ಅಂತ ನಾನು ಹೇಳಲ್ಲ. ಸವುಳಾಗಿ ಬೆಳೆ ಬರದೆ ಬಿದ್ದಿರೋ ನೆಲ ಇದ್ದವರು ವಿಚಾರ ಮಾಡಬಹುದು. ಬಿಸಿಲಿಗೇನು ಬಳ್ಳಾರಿಯಲ್ಲಿ ಬರಗಾಲವಿಲ್ಲ.

ಹೊಸ ಬೋರು ಕೊರೆಸೋರ ಗತಿ ಬೇರೆ. 2023ರ ಸೆಪ್ಟೆಂಬರ್ 22ರ ನಂತರ ಅರ್ಜಿ ಹಾಕಿದವರಿಗೆ ಹಳೇ ಥರ ಹತ್ತು ಸಾವಿರ ಕಟ್ಟಿ ಸುಮ್ಮನೆ ಕೂರೋಕಾಗಲ್ಲ. ಲೈನಿಂದ 500 ಮೀಟರ್ ಒಳಗಿದ್ರೆ ಕಂಬ, ತಂತಿ, ಟಿಸಿ ಖರ್ಚು ರೈತನದೇ. ಅದಕ್ಕಿಂತ ದೂರ ಇದ್ರೆ ಸೋಲಾರ್ ಪಂಪು, ಕುಸುಮ್-ಬಿ. ಇದರಲ್ಲಿ ಕೇಂದ್ರ ನೂರಕ್ಕೆ 30, ರಾಜ್ಯ 50, ರೈತ 20. ಸೋಲಾರ್ ಕೆಟ್ಟದ್ದಲ್ಲ, ಲೈನ್‌ಮನ್ ದಾರಿ ಕಾಯೋ ಕೆಲಸ ಇಲ್ಲ. ಆದರೆ ಮೋಡದ ದಿನ ನೀರು ಕಮ್ಮಿ, ರಾತ್ರಿ ಇಲ್ಲವೇ ಇಲ್ಲ, ಪ್ಲೇಟು ಕಾಯಬೇಕು. 500 ಮೀಟರ್ ಒಳಗಿನ ಎರಡೆಕರೆ ರೈತ ಮಾತ್ರ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಬೋರಿಗೆ ಸಾಲ, ಕಂಬಕ್ಕೆ ಸಾಲ, ಟಿಸಿಗೆ ಸಾಲ. ಹಳೇ ರೈತನಿಗೆ ಎಲ್ಲ ಫ್ರೀ, ಹೊಸ ರೈತನಿಗೆ ಲಕ್ಷಗಟ್ಟಲೆ ಖರ್ಚು, ಇದು ಒಂದೇ ಊರಿನಲ್ಲಿ ಎರಡು ನ್ಯಾಯ. ಅಣ್ಣ ತಮ್ಮ ಭಾಗ ಆದಾಗ ಬೋರು ಒಬ್ಬರ ಪಾಲಿಗೆ ಹೋದ್ರೆ ಇನ್ನೊಬ್ಬನು ಹೊಸ ರೈತನೇ ಅಲ್ವಾ? ಈ ಆದೇಶ ಸಣ್ಣ ಹಿಡುವಳಿದಾರರ ಮಟ್ಟಿಗೆ ಸಡಿಲ ಆಗಬೇಕು.

ಕೊನೆಗೆ ಮೀಟರಿನ ವಿಷಯ. ಇಲ್ಲಿ ಕೆಲವರು ನನ್ನ ಮೇಲೆ ಸಿಟ್ಟಾಗಬಹುದು.

"ಮೀಟರ್ ಬಂದ್ರೆ ಹಿಂದೇನೇ ಬಿಲ್ಲು ಬರ್ತದೆ" ಅನ್ನೋ ಭಯ ಸುಳ್ಳಲ್ಲ. 2020ರ ವಿದ್ಯುತ್ ತಿದ್ದುಪಡಿ ಮಸೂದೆ ಬೇಡ ಅಂತ ದೆಹಲಿ ಗಡಿಯಲ್ಲಿ ಕೂತ ರೈತರೂ ಹೇಳಿದ್ದು ಇದನ್ನೇ. ಮೊದಲು ಪೂರ್ತಿ ಬಿಲ್ಲು ಕಟ್ರಿ, ಆಮೇಲೆ ಸಬ್ಸಿಡಿ ಖಾತೆಗೆ ಹಾಕ್ತೀವಿ ಅಂದ್ರೆ ನಮ್ಮಿಂದ ಆಗಲ್ಲ. 5 ಎಚ್‌ಪಿ ಮೋಟರ್ 7 ತಾಸಿಗೆ ಸುಮಾರು 30 ಯೂನಿಟ್, ತಿಂಗಳಿಗೆ 900. ಮನೆ ರೇಟಿನಲ್ಲಿ ಹಿಡಿದರೂ 5,200 ರೂಪಾಯಿ. ಮುಂಗಡವಾಗಿ ಎಲ್ಲಿಂದ ತರೋಣ? ಪ್ರತಿ ಮೋಟರಿಗೆ ಮೀಟರ್ ನನಗೂ ಬೇಡ.

ಆದರೆ ಟಿಸಿಗೊಂದು ಮೀಟರ್ ಇರಬೇಕು ಅಂತ ನನ್ನ ಅನಿಸಿಕೆ. ಯಾಕೆ ಹೇಳ್ತೀನಿ ಕೇಳ್ರಿ. ಈಗ ಪಂಪ್‌ಸೆಟ್ ಎಷ್ಟು ಸುಡ್ತವೆ ಅನ್ನೋದು ಬಹುಪಾಲು ಅಂದಾಜು. ಒಂದಷ್ಟು ಫೀಡರ್ ಲೆಕ್ಕ ನೋಡಿ ಉಳಿದದ್ದಕ್ಕೆ ಗುಣಿಸೋದು. ಅಂದಾಜು ಇದ್ದಲ್ಲಿ ಬೇರೆ ನಷ್ಟವೂ ಸೇರ್ಕೊಳ್ಳೋಕೆ ಜಾಗ ಇರ್ತದೆ. ಹಳೇ ತಂತಿಯಲ್ಲಿ ಸೋರಿದ್ದು, ಎಲ್ಲೋ ಕೊಂಡಿ ಹಾಕಿ ಕದ್ದದ್ದು, ಎಲ್ಲ "ರೈತರ ಬಳಕೆ" ಅಂತ ಬರೆದ್ರೆ ಇಲ್ಲ ಅನ್ನೋಕೆ ನಮ್ಮ ಹತ್ರ ಏನು ದಾಖಲೆ ಐತೆ? ಆಮೇಲೆ ಪೇಪರಿನಲ್ಲಿ "ರೈತರಿಂದ ರಾಜ್ಯಕ್ಕೆ ಹೊರೆ" ಅಂತ ಬರ್ತದೆ. ಟಿಸಿಯಲ್ಲಿ ಮೀಟರ್ ಇದ್ರೆ ಎರಡು ಕೆಲಸ ಆಗ್ತದೆ. ನಾವು ಎಷ್ಟು ಸುಟ್ಟೆವು ಗೊತ್ತಾಗ್ತದೆ. 7 ತಾಸು ಅಂದವರು ನಿಜಕ್ಕೂ ಎಷ್ಟು ತಾಸು ಕೊಟ್ರು ಅನ್ನೋದೂ ಗೊತ್ತಾಗ್ತದೆ. ಲೆಕ್ಕ ನಮ್ಮ ವೈರಿ ಅಲ್ಲ, ಲೆಕ್ಕ ಇಲ್ಲದಿರೋದೇ ವೈರಿ.

ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ, ಶಾಸಕರು ಊರಿಗೆ ಬಂದಾಗ, ನಾವು ಒಟ್ಟಾಗಿ ಕೇಳಬೇಕಾದ್ದು ಇಷ್ಟು:

1. ಕಾಲುವೆ ನೀರಿಲ್ಲದ ಈ ಬೇಸಿಗೆಗೆ ನಮ್ಮ ಫೀಡರುಗಳಿಗೆ ಹಗಲು ಹೊತ್ತು, ಬಿಟ್ಟು ಬಿಟ್ಟು ಅಲ್ಲ, 7 ತಾಸು ತ್ರೀ ಫೇಸ್. ಪಕ್ಕದ ಆಂಧ್ರದವರು ತಮ್ಮ ರೈತರಿಗೆ ಹಗಲು 9 ತಾಸು ಅಂತ ನೀತಿ ಮಾಡಿದಾರೆ. ನಾವು ಕೇಳೋದು ಸರ್ಕಾರ ತಾನೇ ಒಪ್ಪಿದ 7.

2. ವೇಳಾಪಟ್ಟಿ ವಾರಕ್ಕೆ ಮೊದಲೇ ಪಂಚಾಯ್ತಿ ಬೋರ್ಡಿನಲ್ಲಿ, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರಬೇಕು.

3. ಟಿಸಿಗೆ ಮೀಟರ್, ಅದರ ಲೆಕ್ಕ ರೈತರಿಗೆ ಸಿಗಬೇಕು. ಮೋಟರಿಗೆ ಮೀಟರ್ ಬೇಡ.

4. ಸಬ್ಸಿಡಿ ಹಣ ವಿದ್ಯುತ್ ಕಂಪನಿಗಳಿಗೆ ಮುಂಗಡವಾಗಿ ಕೊಡಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ನೇ ಹೇಳ್ತದೆ. ಅದು ತಡ ಆದ್ರೆ ಕಂಪನಿ ಸಾಲ ಮಾಡ್ತದೆ, ಸಾಲದ ಬಡ್ಡಿ ಕೊನೆಗೆ ರೇಟಿನಲ್ಲಿ ಬರ್ತದೆ.

5. ಸಣ್ಣ ರೈತರ ಹೊಸ ಬೋರಿಗೆ ಕಂಬ, ಟಿಸಿ ಖರ್ಚಿನಲ್ಲಿ ಸರ್ಕಾರದ ಪಾಲು.

ಇದರ ಜತೆ ನಮ್ಮ ಹಕ್ಕೂ ತಿಳ್ಕೊಂಡಿರ್ರಿ. ಹಳ್ಳಿಯಲ್ಲಿ ಟಿಸಿ ಸುಟ್ಟರೆ 72 ತಾಸಿನೊಳಗೆ ಬದಲಿಸಬೇಕು ಅಂತ ವಿದ್ಯುತ್ ನಿಯಂತ್ರಣ ಆಯೋಗದ ನಿಯಮ ಐತೆ. ಲೈನ್‌ಮನ್‌ಗೆ ಬಾಯಿ ಮಾತಲ್ಲಿ ಹೇಳಿ ಬಿಡಬೇಡ್ರಿ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರ್ಕೊಳ್ರಿ, ಆ ನಂಬರ್ ಇದ್ರೇನೇ 72 ತಾಸಿನ ಲೆಕ್ಕ ಶುರು. ಟಿಸಿ ತರೋಕೆ ಟ್ರಾಕ್ಟರ್ ಬಾಡಿಗೆ, ಇಳಿಸೋ ಖರ್ಚು ಅಂತ ಮನೆಗೆ ಇಷ್ಟು ಅಂತ ಪಟ್ಟಿ ಎತ್ತೋದು ನಮ್ಮ ಕಡೆ ರೂಢಿ ಆಗಿಬಿಟ್ಟಿದೆ, ಅದನ್ನೂ ಪ್ರಶ್ನೆ ಮಾಡ್ರಿ. ರೇಟು ನಿಗದಿ ಮಾಡೋ ಮುಂಚೆ ಆಯೋಗ ಸಾರ್ವಜನಿಕರಿಂದ ಆಕ್ಷೇಪಣೆ ಕೇಳ್ತದೆ, ವಿಚಾರಣೆ ಇಡ್ತದೆ. ಯಾವ ಗ್ರಾಹಕನಾದರೂ ಒಂದು ಹಾಳೆಯಲ್ಲಿ ಬರೆದು ಕಳಿಸಬಹುದು. ಕಾರ್ಖಾನೆಯವರು ವಕೀಲರನ್ನ ಕಳಿಸ್ತಾರೆ. 34 ಲಕ್ಷ ಪಂಪ್‌ಸೆಟ್ಟಿನ ನಾವು ಒಂದು ಹಾಳೆ ಬರೀದಿದ್ರೆ ನಮ್ಮ ಮಾತು ಅಲ್ಲಿ ಹೇಳೋರ್ಯಾರು?

ಬಾದನಹಟ್ಟಿ, ಕುರುಗೋಡು, ಸಿರಿಗೇರಿ, ಎಮ್ಮಿಗನೂರು ಕಡೆಯವರು ಈ ವಾರ ನಿಮ್ಮ ಫೀಡರಿಗೆ ದಿನಾ ಎಷ್ಟು ತಾಸು ತ್ರೀ ಫೇಸ್ ಬಂತು, ಯಾವ ಹೊತ್ತಿಗೆ ಬಂತು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಕೆಳಗೆ ಹಾಕ್ರಿ. ಹತ್ತು ಊರಿನ ಲೆಕ್ಕ ಕೂಡಿದ್ರೆ ಅರ್ಜಿ ಜತೆ ಲಗತ್ತಿಸೋಣ. ನನ್ನ ಮಾತಿಗೆ ಒಪ್ಪದವರೂ ಬರೀರಿ, ಮೀಟರಿನ ವಿಷಯದಲ್ಲಂತೂ ಖಂಡಿತ ಬರೀರಿ.